ಪಹಣಿಯಲ್ಲಿ ಇಲ್ಲದ ದಾರಿ

ಕಲಬುರಗಿಯ ಪದವಿ ಕಾಲೇಜೊಂದರ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳನ್ನು, ಕೇಳಿದವರ ಒತ್ತಾಯಕ್ಕೆ, ಅಲ್ಲಲ್ಲಿ ತಿದ್ದಿ ಬರೆದುಕೊಟ್ಟಿದ್ದೇನೆ. ಕರಿಹಲಗೆಯ ಮೇಲೆ ಎಳೆದು ತೋರಿಸಿದ ಹೊಲದ ನಕ್ಷೆಯನ್ನು ಇಲ್ಲಿ ಅಂಕಿಗಳಲ್ಲಿ ಹೇಳಬೇಕಾಗಿದೆ. ಓದುವವರು ಒಂದು ಹಾಳೆಯ ಮೇಲೆ ಗೆರೆ ಎಳೆದುಕೊಂಡರೆ ಒಳ್ಳೆಯದು.

ಸಂಘಟಕರು ನನಗೆ ಕೊಟ್ಟ ವಿಷಯ ದೂರದ ಹಳ್ಳಿಗಳ ಬದುಕು, ಆಸ್ತಿ ಮತ್ತು ಸಂಚಾರ. ಮೂರಕ್ಕೂ ಬೇರೆ ಬೇರೆ ಉಪನ್ಯಾಸ ಬೇಕಾದೀತು. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಭೂಮಾಪನ ಇಲಾಖೆಯಲ್ಲಿ ಸರಪಳಿ ಎಳೆಸಿದ ನನಗೆ ಈ ಮೂರೂ ಒಂದೇ ಪ್ರಶ್ನೆಯಾಗಿ ಕಂಡಿವೆ: ನಿನ್ನ ಹೆಸರಿನಲ್ಲಿರುವ ಹೊಲಕ್ಕೆ ನೀನು ಹೋಗುವುದು ಹೇಗೆ? ಮಾತು ಶುರು ಮಾಡುವ ಮುಂಚೆ ಸಭೆಯಲ್ಲಿದ್ದ ಹುಡುಗ ಹುಡುಗಿಯರನ್ನು, ನಿಮ್ಮ ಮನೆಯ ಹೊಲಕ್ಕೆ ಬಂಡಿ ಹೋಗುತ್ತದೆಯೇ ಎಂದು ಕೇಳಿದೆ. ಬಹಳ ಕೈಗಳು ಎದ್ದವು. ಹನ್ನೆರಡು ತಿಂಗಳೂ ಹೋಗುತ್ತದೆಯೇ ಎಂದು ಕೇಳಿದಾಗ ಎದ್ದ ಕೈಗಳಲ್ಲಿ ಹೆಚ್ಚಿನವು ಕೆಳಗಿಳಿದವು. ಕೆಲವರು ನಕ್ಕರು. ಆ ನಗುವಿನ ಅರ್ಥ ಹಳ್ಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪಹಣಿಯನ್ನು ನೀವೆಲ್ಲ ನೋಡಿದ್ದೀರಿ, ಆದರೆ ಓದಿದವರು ಕಡಿಮೆ. ಮೂರನೆಯ ಕಾಲಂನಲ್ಲಿ ಒಟ್ಟು ವಿಸ್ತೀರ್ಣವಿರುತ್ತದೆ ಮತ್ತು ಅದರೊಳಗೆ ಖರಾಬು, ಎಂದರೆ ಸಾಗುವಳಿಗೆ ಬಾರದ ನೆಲ, ಎಷ್ಟು ಎಂಬ ಲೆಕ್ಕವಿರುತ್ತದೆ. ಒಂಬತ್ತರಲ್ಲಿ ಸ್ವಾಧೀನದಾರನ ಹೆಸರು, ಹತ್ತರಲ್ಲಿ ಆತನಿಗೆ ಅದು ಹೇಗೆ ಬಂತು ಎಂಬುದು, ಹನ್ನೊಂದರಲ್ಲಿ ಬ್ಯಾಂಕಿನ ಬೋಜಾ ಮತ್ತಿತರ ಹಕ್ಕು ಋಣಗಳು, ಹನ್ನೆರಡರಲ್ಲಿ ಸಾಗುವಳಿಯ ವಿವರ. ಕಂದಾಯ ಎಷ್ಟು, ಮಣ್ಣು ಎಂಥದು, ನೀರಾವರಿ ಯಾವುದರಿಂದ, ಮರಗಳು ಎಷ್ಟು ಎಂಬುದಕ್ಕೆಲ್ಲ ಜಾಗವಿದೆ. ಆ ಸರ್ವೇ ನಂಬರಿನೊಳಗೆ ಸಾರ್ವಜನಿಕ ರಸ್ತೆಯೋ ಹಳ್ಳವೋ ಹಾದಿದ್ದರೆ ಅದು ‘ಬ’ ಖರಾಬು ಎಂದು ಕಳೆದುಹೋಗುತ್ತದೆ. ಆದರೆ ಈ ಹೊಲದ ಒಡೆಯ ಯಾರ ಹೊಲದ ಯಾವ ಬದುವಿನ ಮೇಲಿಂದ ತನ್ನ ಹೊಲಕ್ಕೆ ಇಳಿಯುತ್ತಾನೆ ಎಂಬುದಕ್ಕೆ ಪಹಣಿಯಲ್ಲಿ ಒಂದು ಕಾಲಂ ಇಲ್ಲ. ಮರಕ್ಕೆ ಇದೆ, ಮನುಷ್ಯನ ದಾರಿಗೆ ಇಲ್ಲ.

ಇದು ಮರೆವಿನಿಂದ ಆದದ್ದಲ್ಲ. ಅಳತೆ ಹುಟ್ಟಿದ್ದೇ ಕಂದಾಯಕ್ಕಾಗಿ. ಕಲಬುರಗಿಯೂ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸಂಸ್ಥಾನದ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ಮಾಡಿ, ಎಂದರೆ ನಾಡನ್ನು ಜಿಲ್ಲೆಗಳಾಗಿ ವಿಂಗಡಿಸಿ, ಮುಂದೆ ಮುಂಬಯಿ ಮಾದರಿಯ ಅಳತೆಯನ್ನು ತಂದಾಗ ಸರ್ಕಾರಕ್ಕೆ ಬೇಕಿದ್ದುದು ಎಷ್ಟು ಎಕರೆ, ಎಂಥ ಮಣ್ಣು, ಯಾರು ಪಟ್ಟೇದಾರ ಎಂಬ ಮೂರು ಸಂಗತಿಗಳು. ರೈತ ತನ್ನ ಹೊಲಕ್ಕೆ ಹಾರಿ ಹೋದರೂ ಸರಿ, ಕಂದಾಯ ಚಾವಡಿಗೆ ಬಂದರೆ ಸಾಕಿತ್ತು. ದಾರಿಯ ಸಂಗತಿ ಊರಿನದು. ಮಾಲಿ ಪಾಟೀಲರು, ಪೊಲೀಸ್ ಪಾಟೀಲರು, ಕುಲಕರ್ಣಿಗಳು ಅದನ್ನು ಬಾಯಿಮಾತಿನಲ್ಲಿ ನಡೆಸಿದರು. ಜಾಗೀರುಗಳು 1949ರಲ್ಲಿ ರದ್ದಾದವು. 1954-55ರಲ್ಲಿ ಖಾಸ್ರಾ ಪಹಣಿ ಬರೆದರು. ಇಂದಿಗೂ ಹಳೆಯ ಹೈದರಾಬಾದ್ ಭಾಗದಲ್ಲಿ ಯಾವ ಜಮೀನಿನ ತಕರಾರು ಬಂದರೂ ವಕೀಲರು ಮೊದಲು ಕೇಳುವ ಕಾಗದ ಅದೇ. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. ಗೌಡಕಿ ಕುಲಕರ್ಣಿಕೆಗಳನ್ನು ರದ್ದುಪಡಿಸಿದ ಕಾಯ್ದೆ 1963ರಲ್ಲಿ ಜಾರಿಗೆ ಬಂತು. ಹೀಗೆ ದಾರಿಯ ತಕರಾರನ್ನು ಕಟ್ಟೆಯ ಮೇಲೆ ಕೂತು ಮುಗಿಸುತ್ತಿದ್ದವರು ಹೋದರು. ಅವರು ಹೋದದ್ದಕ್ಕೆ ನಾನು ಅಳುವವನಲ್ಲ, ಅವರ ನ್ಯಾಯ ಯಾರ ಕಡೆ ವಾಲುತ್ತಿತ್ತೆಂದು ನನ್ನ ಅಜ್ಜನ ಬಾಯಲ್ಲಿ ಕೇಳಿದ್ದೇನೆ. ಆದರೆ ಅವರ ತಲೆಯಲ್ಲಿದ್ದ ದಾರಿಗಳ ಲೆಕ್ಕವನ್ನು ಯಾರೂ ಕಾಗದಕ್ಕೆ ಇಳಿಸಿಕೊಳ್ಳಲಿಲ್ಲ ಎಂಬುದೂ ನಿಜ.

ಹಳೆಯ ಕಾಗದಗಳು ಉರ್ದುವಿನಲ್ಲಿವೆ. ನಮ್ಮ ಭಾಗದ ಕಚೇರಿಗಳಲ್ಲಿ ನಾನು ಸೇರಿದ ಕಾಲಕ್ಕೆ ಉರ್ದು ಬಲ್ಲ ಹಿರಿಯ ಗುಮಾಸ್ತರಿದ್ದರು. ಅವರು ನಿವೃತ್ತರಾದಂತೆ ಸೇತ್ವಾರದ (ಹಳೆಯ ಅಳತೆಯ ದಾಖಲೆಯ) ಒಂದು ಸಾಲು ಓದಿಸಲು ಜನ ಮಸೀದಿಯ ಹಜರತರನ್ನೋ ನಿವೃತ್ತ ಮಾಸ್ತರರನ್ನೋ ಹುಡುಕಿಕೊಂಡು ಹೋಗಬೇಕಾಯಿತು. ಲಿಪಿ ಕಣ್ಣಿನಿಂದ ಮರೆಯಾದರೂ ಮಾತು ಬಾಯಲ್ಲಿ ಉಳಿದಿದೆ. ಸಹಿ ಮಾಡಲು ಬಾರದ ಮುದುಕಿಯೂ ಫೌತಿ (ಸಾವು), ಖುಷ್ಕಿ (ಒಣಭೂಮಿ), ಕಬ್ಜಾ (ಸ್ವಾಧೀನ), ಹಿಸ್ಸಾ (ಪಾಲು) ಎಂಬ ಮಾತುಗಳನ್ನು ತಪ್ಪಿಲ್ಲದೆ ಆಡುತ್ತಾಳೆ.

ಗ್ರಾಮ ನಕಾಶೆಯಲ್ಲಿ ಮಾತ್ರ ದಾರಿಗೆ ಸ್ವಲ್ಪ ಸ್ಥಾನ ಸಿಕ್ಕಿದೆ. ಜೋಡಿ ಚುಕ್ಕೆಯ ಸಾಲು ಬಂಡಿದಾರಿ, ಒಂಟಿ ಚುಕ್ಕೆಯ ಸಾಲು ಕಾಲುದಾರಿ. ‘ನಕಾಶೆ ಕಂಡ ದಾರಿ’ ಎಂಬ ನುಡಿ ನಮ್ಮಲ್ಲಿ ಗಾದೆಯಷ್ಟೇ ಗಟ್ಟಿ. ಅದನ್ನು ಒತ್ತಿದವನ ಮೇಲೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆದರೆ ಅದು ಊರಿಂದ ಊರಿಗೆ, ಊರಿಂದ ಹಳ್ಳಕ್ಕೆ ಹೋಗುವ ದೊಡ್ಡ ದಾರಿ. ನಾನು ಬಳಸಿದ ಬಹುಪಾಲು ನಕಾಶೆಗಳು 1:7920 ಅಳತೆಯವು, ಎಂದರೆ ಒಂದು ಇಂಚಿಗೆ 660 ಅಡಿ. ಆ ಲೆಕ್ಕದಲ್ಲಿ ಹನ್ನೊಂದು ಅಡಿಯ ದಾರಿ ಒಂದು ಇಂಚಿನ ಅರವತ್ತನೆಯ ಒಂದು ಭಾಗ. ಪೆನ್ನಿನ ಗೆರೆಯೇ ಅದಕ್ಕಿಂತ ದಪ್ಪ.

ಇನ್ನು ಆ ಹನ್ನೊಂದು ಅಡಿಯ ಜಗಳ ಯಾವ ತಿಂಗಳಲ್ಲಿ ಹುಟ್ಟುತ್ತದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಇದು ಕಾಯ್ದೆ ಪುಸ್ತಕದಲ್ಲಿ ಸಿಗುವುದಿಲ್ಲ. ನಮ್ಮದು ಯರಿ ಭೂಮಿ, ತೊಗರಿಯ ಸೀಮೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ತೊಗರಿಯನ್ನು ಮಿರಗ, ಆರಿದ್ರಾ ಮಳೆಗೆ ಬಿತ್ತಿದರೆ ಕೊಯ್ಲಿಗೆ ಬರುವುದು ಡಿಸೆಂಬರ್, ಜನವರಿಯಲ್ಲಿ. ಬಿಳಿಜೋಳ ಮತ್ತು ಕಡಲೆಯನ್ನು ಬಿತ್ತುವುದು ಮುಂಗಾರು ಮುಗಿದು ಹಸಿ ಹದಕ್ಕೆ ಬಂದ ಮೇಲೆ, ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ. ಜೋಳದ ಕೊಯ್ಲು ಫೆಬ್ರವರಿ, ಮಾರ್ಚಿಗೆ. ಬ್ಯಾಸಿಗೆಯಲ್ಲಿ ಹೊಲವೆಲ್ಲ ಬಯಲು, ಯಾರ ಬಂಡಿ ಯಾರ ಹೊಲದಲ್ಲಿ ಹಾದರೂ ಯಾರೂ ಕೇಳುವುದಿಲ್ಲ. ಮಳೆಗಾಲದಲ್ಲಿ ಯರಿ ಮಣ್ಣು ಗಾಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುವುದರಿಂದ ಬಂಡಿಯ ಮಾತೇ ಇಲ್ಲ. ಉಳಿದದ್ದು ಆ ಎರಡು ತಿಂಗಳು: ಹಿಂದಿನ ಹೊಲದವನ ತೊಗರಿ ರಾಶಿಯಾಗಿ ಮನೆಗೆ ಬರಬೇಕು, ಮುಂದಿನ ಹೊಲದವನ ಜೋಳ ಎದೆಯುದ್ದ ನಿಂತು ತೆನೆ ಕಟ್ಟುತ್ತಿರುತ್ತದೆ. ಇಬ್ಬರದೂ ತಪ್ಪಿಲ್ಲ. ಬಡಿಗೆ ಎದ್ದರೆ ಆಗಲೇ ಏಳುತ್ತದೆ.

ಊರವರ ಹೆಸರು ಹೇಳುವ ಬದಲು ನನ್ನ ಮನೆಯದನ್ನೇ ಹೇಳುವುದು ಮರ್ಯಾದೆ. ನಮ್ಮ ಊರು ಆಗ ಜೇವರ್ಗಿ ತಾಲ್ಲೂಕಿನಲ್ಲಿತ್ತು, ಈಗ ಯಡ್ರಾಮಿ ತಾಲ್ಲೂಕಿಗೆ ಸೇರಿದೆ. ಅಪ್ಪನದು ಹನ್ನೆರಡು ಎಕರೆ. ಬಂಡಿದಾರಿಯ ಬದಿಗೆ ಹೊಲದ ಅಗಲ ಇಪ್ಪತ್ತು ಸರಪಳಿ, ಒಳಕ್ಕೆ ಹಳ್ಳದ ತನಕ ಉದ್ದ ಇಪ್ಪತ್ತನಾಲ್ಕು ಸರಪಳಿ. ಸರಪಳಿ ಎಂದರೆ 33 ಅಡಿ. ಅದರ ಹದಿನಾರನೆಯ ಒಂದು ಭಾಗ ಆಣೆ. 33 ಅಡಿ ಉದ್ದ, 33 ಅಡಿ ಅಗಲದ ಚೌಕ ಒಂದು ಗುಂಟೆ, ನಲವತ್ತು ಗುಂಟೆ ಒಂದು ಎಕರೆ. ಇಪ್ಪತ್ತನ್ನು ಇಪ್ಪತ್ತನಾಲ್ಕರಿಂದ ಗುಣಿಸಿದರೆ 480 ಗುಂಟೆ, ಸರಿಯಾಗಿ ಹನ್ನೆರಡು ಎಕರೆ. ಮೂವರು ಗಂಡುಮಕ್ಕಳು, ಒಬ್ಬಳು ತಂಗಿ. 1991ರಲ್ಲಿ ಅಪ್ಪ ವಾಟ್ನಿ (ಆಸ್ತಿಯ ಪಾಲು) ಮಾಡೋಣವೆಂದಾಗ, ಮನೆಯಲ್ಲೇ ಸರ್ವೇದಾರನಿರುವಾಗ ಹೊರಗಿನವರೇಕೆ ಎಂದು ಎಲ್ಲರೂ ನನ್ನ ಮುಖ ನೋಡಿದರು.

ಹೊಲ ದಾರಿಯಿಂದ ಹಳ್ಳದ ಕಡೆಗೆ ಇಳಿಜಾರು. ಮಣ್ಣು ಕೊಚ್ಚಿ ಹೋಗಬಾರದೆಂದು ಅಡ್ಡಲಾಗಿ ಹಾಕಿದ ಎರಡು ಬದುಗಳು ಮೊದಲೇ ಇದ್ದವು, ಹೊಲವನ್ನು ಹೆಚ್ಚುಕಡಿಮೆ ಮೂರು ಸಮಪಾಲು ಮಾಡುತ್ತಿದ್ದವು. ಉದ್ದಕ್ಕೆ ಸೀಳಿದರೆ ಪ್ರತಿಯೊಬ್ಬನಿಗೂ ದಾರಿ ಸಿಗುತ್ತಿತ್ತು, 220 ಅಡಿ ಅಗಲದ ಮೂರು ಪಟ್ಟಿಗಳಾಗುತ್ತಿದ್ದವು. ಆದರೆ ಹೊಸ ಬದು ಹಾಕಬೇಕು, ಇಳಿಜಾರಿನ ದಿಕ್ಕಿಗೇ ಕೂರಿಗೆ ಹೊಡೆಯಬೇಕು, ಇದ್ದ ಬದು ಒಡೆಯಬೇಕು. ಇದ್ದ ಬದುಗಳ ಮೇಲೆಯೇ ಗೆರೆ ಎಳೆದರೆ ಕೆಲಸ ಸುಲಭ. ನಾನು ಅಡ್ಡಕ್ಕೇ ಎಳೆದೆ. ದಾರಿಯ ಬದಿಯ ನಾಲ್ಕು ಎಕರೆ ಅಣ್ಣನಿಗೆ, ನಡುವಿನದು ನನಗೆ, ಹಳ್ಳದ ದಂಡೆಯದು ತಮ್ಮನಿಗೆ. ಮೇಲಿನ ಮಣ್ಣೆಲ್ಲ ತೊಳೆದು ಬಂದು ಸೇರುವ ಜಾಗವಾದ್ದರಿಂದ ತಮ್ಮನ ಪಾಲಿನ ಯರಿ ಎದೆಯಾಳದ್ದು. ಸಣ್ಣವನಿಗೆ ಒಳ್ಳೆಯದು ಬಂತೆಂದು ಅಪ್ಪನಿಗೆ ಸಮಾಧಾನವಾಯಿತು. ಬಾಂದು ಕಲ್ಲು ನೆಟ್ಟೆವು, ಕುಂಕುಮ ಹಚ್ಚಿ ಕಾಯಿ ಒಡೆದೆವು, ತಲಾಟಿಗೆ (ಗ್ರಾಮ ಲೆಕ್ಕಿಗನಿಗೆ) ವರ್ದಿ ಕೊಟ್ಟು ಖಾತೆ ಬೇರೆ ಮಾಡಿಸಿದೆವು. ನಕ್ಷೆಯ ಕೆಳಗೆ ನಾನೇ ಸಹಿ ಹಾಕಿದೆ. ಹಳ್ಳದ ದಂಡೆಗೆ ಬಂಡಿ ಹೇಗೆ ಹೋಗುತ್ತದೆಂದು ಯಾರೂ ಕೇಳಲಿಲ್ಲ, ಏಕೆಂದರೆ ಅಂದಿನವರೆಗೆ ಅದೆಲ್ಲ ಒಂದೇ ಹೊಲ, ಬಂಡಿ ಎಲ್ಲಿ ಬೇಕಾದರಲ್ಲಿ ಹೋಗುತ್ತಿತ್ತು.

ಮೊದಲ ಐದಾರು ವರ್ಷ ಯಾವ ತೊಂದರೆಯೂ ಕಾಣಲಿಲ್ಲ. ಅಪ್ಪ ಇದ್ದ, ಎತ್ತುಗಳು ಕೂಡಿದ್ದವು. ಅಪ್ಪ ಹೋದ ಮೇಲೆ ಅಣ್ಣ ಜೋಳ ಹಾಕಿದ, ತಮ್ಮ ತೊಗರಿ ಹಾಕಿದ. ನಾನು ನನ್ನ ಪಾಲನ್ನು ಲಾವಣಿಗೆ (ಗುತ್ತಿಗೆಗೆ) ಕೊಟ್ಟಿದ್ದೆ. ಲಾವಣಿಯವನಿಗೆ ಹೇಳಿ ಒಂದು ಬದಿಗೆ ಬಂಡಿಯ ಅಗಲ ಬಿಡಿಸಿದೆ. ಇದರಿಂದ ತಮ್ಮನಿಗೆ ಅರ್ಧ ದಾರಿ ಸಿಕ್ಕಿತು, ಆ ಅರ್ಧಕ್ಕೆ ಬರಲು ದಾರಿ ಇರಲಿಲ್ಲ. ಅಣ್ಣ, ನಿಂತ ಜೋಳ ತುಳಿಸಿ ದಾರಿ ಕೊಡಲು ನನಗೇನು ಹುಚ್ಚೇ ಎಂದ. ತೊಗರಿ ಎಕರೆಗೆ ನಾಲ್ಕು ಕ್ವಿಂಟಾಲ್ ಎಂದರೂ ಹದಿನಾರು ಚೀಲ. ಎರಡು ಹೊಲ ದಾಟಿ 528 ಅಡಿ, ಬದುವಿನ ಮೇಲೆ, ಹೆಗಲ ಮೇಲೆ ಹೊರಿಸಬೇಕು. ಮೇಲೆ ಕಟಗಿ, ಹೊಟ್ಟು. ಅದಾದ ಮೇಲೆ ಟ್ರ್ಯಾಕ್ಟರಿಗೆ ಕಟ್ಟುವ ರಾಶಿ ಮಷೀನು ಊರಿಗೆ ಬಂತು. ಊರೆಲ್ಲ ಒಂದು ದಿನದಲ್ಲಿ ರಾಶಿ ಮುಗಿಸಿದರೆ ತಮ್ಮ ಮಾತ್ರ ಹಳೆಯ ಕಾಲದಂತೆ ಕಣ ಮಾಡಿ ಬಡಿಯಬೇಕಾಯಿತು. ಕೊನೆಗೆ ಆತ ತೊಗರಿ ಬಿಟ್ಟು ಅಣ್ಣನ ಹಾಗೇ ಜೋಳ ಹಾಕತೊಡಗಿದ, ಇಬ್ಬರ ಕೊಯ್ಲೂ ಒಟ್ಟಿಗೆ ಬಂದರೆ ದಾರಿಯೂ ಒಟ್ಟಿಗೆ ತೆರೆಯುತ್ತದಲ್ಲ. ತೊಗರಿಗೆ ಒಳ್ಳೆಯ ದರ ಬಂದ ವರ್ಷಗಳಲ್ಲೂ ಆತ ಜೋಳವನ್ನೇ ಬೆಳೆದ. ಇಂಥ ಮಣ್ಣಿಗೆ ಇಂಥ ಬೆಳೆ ಎಂದು ಕೃಷಿ ಪುಸ್ತಕಗಳು ಹೇಳುತ್ತವೆ. ನಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂದು ಹೇಳಿದ್ದು ಬದುವಿನ ಮೇಲೆ ನಾನೆಳೆದ ಗೆರೆ.

ಎಳ್ಳಮವಾಸಿಯ ದಿನ ನಮ್ಮ ಕಡೆ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ಸಜ್ಜಿ ರೊಟ್ಟಿ, ಕಡಬು, ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಒಂದು ವರ್ಷ ರಜೆ ಹಾಕಿ ಹೋಗಿದ್ದೆ. ಅಣ್ಣನ ಬಂಡಿ ಗೆಜ್ಜೆ ಕಟ್ಟಿಕೊಂಡು ದಾರಿಯ ಬದಿಗೇ ನಿಂತಿತ್ತು. ತಮ್ಮನ ಹೆಂಡತಿ ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೂಸು, ಹಿಂದೆ ಹಿರಿಯ ಮಗಳ ಕೈಯಲ್ಲಿ ಅಂಬಲಿಯ ಗಡಿಗೆ. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಡುತ್ತ ಹೊರಟರು. ಬದು ಒಂದು ಮೊಳ ಅಗಲ. ಹುಡುಗಿ ಎಡವಿದಾಗ ಗಡಿಗೆ ಒಡೆಯಲಿಲ್ಲ, ಆದರೆ ಅಂಬಲಿ ಅರ್ಧ ಚೆಲ್ಲಿ ಅಣ್ಣನ ಜೋಳದ ಬುಡಕ್ಕೆ ಹೋಯಿತು. ತಮ್ಮ ತಿರುಗಿ ನನ್ನನ್ನು ನೋಡಿ ಹೇಳಿದ: “ಅಣ್ಣಾ, ಮಂದಿ ಹೊಲ ಎಲ್ಲಾ ಅಳದಿ. ನನ್ನ ಹೊಲಕ್ಕ ಬಂಡಿ ಹ್ಯಾಂಗ ಹೋಗ್ತದ ಅಂತ ಒಂದ್ ಮಾತ್ ಕೇಳಲಿಲ್ಲಲ್ಲ.” ನನ್ನ ಬಳಿ ಉತ್ತರವಿರಲಿಲ್ಲ. ಬೇಕಿದ್ದ ಜಾಗದ ಲೆಕ್ಕವನ್ನು ಮಾತ್ರ ಆ ರಾತ್ರಿ ಹಾಕಿದೆ: 11 ಅಡಿ ಅಗಲ, 528 ಅಡಿ ಉದ್ದ, 5,808 ಚದರ ಅಡಿ. ಐದು ಗುಂಟೆ, ಐದು ಆಣೆಗಿಂತ ತುಸು ಹೆಚ್ಚು. ಹನ್ನೆರಡು ಎಕರೆಯ ಹೊಲದಲ್ಲಿ ಅಷ್ಟನ್ನು ಮೊದಲೇ ಬಿಟ್ಟು ಗೆರೆ ಎಳೆದಿದ್ದರೆ ಮೂವರಿಗೂ ಎರಡೆರಡು ಗುಂಟೆಯಷ್ಟೂ ಕಡಿಮೆಯಾಗುತ್ತಿರಲಿಲ್ಲ.

ಕಾಯ್ದೆ ತಮ್ಮನ ಕಡೆಗೇ ಇತ್ತು. ವಕೀಲರು ಈಸ್‌ಮೆಂಟ್ ಕಾಯ್ದೆ ಎನ್ನುವ 1882ರ ಕಾಯ್ದೆಯಲ್ಲಿ ಎರಡು ಬಾಗಿಲುಗಳಿವೆ. ಕೂಡಿದ್ದ ಆಸ್ತಿ ಪಾಲಾದಾಗ ಒಂದು ಪಾಲಿಗೆ ಇನ್ನೊಂದರ ಮೂಲಕ ಹೋಗದೆ ಗತ್ಯಂತರವೇ ಇಲ್ಲದಿದ್ದರೆ ಆ ದಾರಿ ಅಗತ್ಯದ ಹಕ್ಕು. 13ನೆಯ ಕಲಂ ಅದನ್ನು ಹೇಳುತ್ತದೆ. ಇಪ್ಪತ್ತು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ, ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕಿನಿಂದ ನಡೆದಾಡಿದ ದಾರಿ 15ನೆಯ ಕಲಮಿನಡಿ ಬಳಕೆಯ ಹಕ್ಕು. ‘ಹಕ್ಕಿನಿಂದ’ ಎಂಬ ಮಾತಿನಲ್ಲೇ ಹಳ್ಳಿಯವನು ಸೋಲುವುದು. ನಮ್ಮಲ್ಲಿ ಮಗ್ಗುಲ ಹೊಲದವನನ್ನು ‘ಕಾಕಾ, ಇವತ್ತೊಂದಿನ ಬಂಡಿ ಬಿಡ್ರಿ’ ಎಂದು ಕೇಳಿಯೇ ಹೋಗುವುದು ಪದ್ಧತಿ, ಅದು ಸಂಸ್ಕಾರ. ಕೋರ್ಟಿನಲ್ಲಿ ಆ ಸಂಸ್ಕಾರವೇ ಅಪ್ಪಣೆ ಎನಿಸಿ, ಅಪ್ಪಣೆಯಿಂದ ಹೋದವನಿಗೆ ಬಳಕೆಯ ಹಕ್ಕು ಹುಟ್ಟುವುದಿಲ್ಲ ಎಂದಾಗುತ್ತದೆ. ಒರಟನಾಗಿ ನುಗ್ಗಿದವನಿಗೆ ಹಕ್ಕು, ಮರ್ಯಾದೆಯಿಂದ ಕೇಳಿದವನಿಗೆ ಇಲ್ಲ! ಅದಿರಲಿ, ತಮ್ಮ ದಾವೆ ಹೂಡಲಿಲ್ಲ. ಅಣ್ಣನ ಮೇಲೆ ದಾವೆ ಹೂಡಿ ಅದೇ ಅಣ್ಣನ ಬದುವಿನ ಮೇಲೆ ದಿನಾ ನಡೆಯುವುದು ಹೇಗೆ ಎಂದ.

ದಾರಿಯ ಕೊರತೆ ಹೊಲದಲ್ಲಿ ಮುಗಿಯುವುದಿಲ್ಲ, ಕಾಗದದ ತನಕವೂ ಬರುತ್ತದೆ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಒಂದು ಪಹಣಿ ಬೇಕಾದರೆ ತಲಾಟಿಯನ್ನು ಹುಡುಕಬೇಕು. ಆತ ನಾಲ್ಕಾರು ಊರುಗಳ ದಫ್ತರವನ್ನು ಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದ. ಊರಿಗೆ ಇದ್ದದ್ದು ಒಂದೇ ವಸ್ತಿ ಬಸ್ಸು: ರಾತ್ರಿ ಬಂದು ಅಗಸಿಯ ಮುಂದೆ ನಿಲ್ಲುತ್ತಿತ್ತು, ಡ್ರೈವರ್ ಮತ್ತು ಕಂಡಕ್ಟರ್ ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಮಲಗುತ್ತಿದ್ದರು, ನಸುಕಿನಲ್ಲಿ ಅದೇ ಬಸ್ಸು ಜೇವರ್ಗಿಗೆ. ಆ ಬಸ್ಸು ತಪ್ಪಿದರೆ ಆ ದಿನ ಕಚೇರಿಯಿಲ್ಲ. ಹೋದರೆ ರಾತ್ರಿಯ ತನಕ ಊರಿಲ್ಲ. ಕಚೇರಿಯಲ್ಲಿ ‘ಸಾಹೇಬರು ಮೀಟಿಂಗಿಗೆ ಹೋಗ್ಯಾರ’ ಎಂದರೆ ಒಂದು ದಿನದ ಕೂಲಿ, ಬಸ್ಸಿನ ರೊಕ್ಕ, ಎರಡು ಚಹಾ ಎಲ್ಲವೂ ನೀರಿಗೆ. ಬಸ್ಸು ಬಾರದ ಊರುಗಳಲ್ಲಿ ಟಂಟಂ, ಕ್ರೂಸರ್; ಒಳಗೆ ಎಷ್ಟು ಜನವೋ ಮೇಲೆ ಅಷ್ಟೇ ಜನ.

ಭೂಮಿ ಯೋಜನೆ ಬಂದ ಮೇಲೆ ಈ ಕಷ್ಟದ ಒಂದು ಭಾಗ ನಿಜಕ್ಕೂ ಕಡಿಮೆಯಾಯಿತು, ಅದನ್ನು ಒಪ್ಪದೆ ಇರಲಾಗದು. 2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಕಂಪ್ಯೂಟರಿಗೆ ಏರಿದವು. ತಲಾಟಿಯ ಚೀಲದ ಆಳ್ವಿಕೆ ಮುಗಿಯಿತು. ಯಡ್ರಾಮಿ, ಕಾಳಗಿ, ಕಮಲಾಪುರ, ಶಹಾಬಾದ್, ಯಾದಗಿರಿ ಜಿಲ್ಲೆಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್, ಬೀದರಿನಲ್ಲಿ ಚಿಟಗುಪ್ಪ, ಹುಲಸೂರು, ಕಮಲನಗರ ಹೊಸ ತಾಲ್ಲೂಕುಗಳಾದ ಮೇಲೆ ಕಚೇರಿಯೂ ಹತ್ತಿರಕ್ಕೆ ಬಂತು. ಆದರೆ ಕಂಪ್ಯೂಟರು ಹಳೆಯ ಪಹಣಿಯಲ್ಲಿದ್ದುದನ್ನೇ ತನ್ನೊಳಗೆ ಇಳಿಸಿಕೊಂಡಿತು. ಅದರಲ್ಲಿಲ್ಲದ ದಾರಿ ಇದರಲ್ಲೂ ಇಲ್ಲ. ಹಿಸ್ಸಾ ಮಾರಬೇಕಾದರೆ ಈಗ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು, ಒಳ್ಳೆಯದೇ; ಆ ನಕ್ಷೆ ಮಾಡುವ ತರುಣರಿಗೆ ನಾನು ಹೇಳುವುದು ಒಂದೇ, ಗೆರೆ ಎಳೆಯುವ ಮುಂಚೆ ಬಂಡಿ ಎಲ್ಲಿಂದ ಬರುತ್ತದೆಂದು ಕೇಳಿ. ನನ್ನ ಅಣ್ಣತಮ್ಮಂದಿರ ಹೆಸರು ಹೇಳಿಯಾದರೂ ಕೇಳಿ.

ಹೊಲದಲ್ಲಿ ದಾರಿಯ ಕಾಲಂ ಇಲ್ಲದಿದ್ದರೆ ತಾಂಡಾಗಳಲ್ಲಿ ಮನೆಗೇ ಕಾಗದವಿರಲಿಲ್ಲ. ಊರಿನೊಳಗಿನ ಮನೆ ಗಾಂವಠಾಣದಲ್ಲಿ (ಊರ ವಸತಿಯ ಜಾಗದಲ್ಲಿ) ಇರುತ್ತದೆ, ಪಂಚಾಯತಿಯ ಪುಸ್ತಕದಲ್ಲಿ ಹೆಸರಿರುತ್ತದೆ. ಚಿಂಚೋಳಿ, ಸೇಡಂ, ಯಾದಗಿರಿ ಕಡೆಯ ಲಂಬಾಣಿ ತಾಂಡಾಗಳು ಯಾರದೋ ಸರ್ವೇ ನಂಬರಿನಲ್ಲೋ ಸರ್ಕಾರಿ ಜಮೀನಿನಲ್ಲೋ ಮೂರು ತಲೆಮಾರಿನಿಂದ ಇದ್ದರೂ ದಾಖಲೆಯ ಪ್ರಕಾರ ಅಲ್ಲಿ ಊರೇ ಇರಲಿಲ್ಲ. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟು, 1,475 ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಲಾಯಿತು. ರಸ್ತೆಯ ಲೆಕ್ಕವೂ ಹೀಗೇ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುಸೀಮೆಯಲ್ಲಿ 500 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ವಸತಿಗಳನ್ನು ಗುರಿಯಾಗಿಟ್ಟುಕೊಂಡಿತು. ನೂರಿನ್ನೂರು ಜನರ ತಾಂಡಾ ತಾನಾಗಿ ಸಾಲಿನ ಕೊನೆಗೆ ಬಿತ್ತು.

ನೀರು ಸುತ್ತಿದ ಊರುಗಳ ಕಷ್ಟ ಬೇರೆಯೇ. ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಕೃಷ್ಣೆಯ ನಡುಗಡ್ಡೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ನೀರು ಬಿಟ್ಟರೆ ದಂಡೆಯ ಸಂಬಂಧ ಕಡಿದುಹೋಗುತ್ತಿತ್ತು. 2014ರ ಮಳೆಗಾಲದಲ್ಲಿ ಅಲ್ಲಿನ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆಗೆ ಈಜಿ ಹೊಳೆ ದಾಟಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಎಲ್ಲರೂ ಆಕೆಯ ಧೈರ್ಯವನ್ನು ಹೊಗಳಿದರು. ಸೋರೆಬುರುಡೆ ಕಟ್ಟಿ ಹೊಳೆ ದಾಟುವುದು ಆ ದಂಡೆಯ ಜನರಿಗೆ ಹೊಸದಲ್ಲ. ಹೊಸದಾದದ್ದು ನಾವು ಅದನ್ನು ನೋಡಿದ್ದು.

ಕೊನೆಗೆ ಹೆಣ್ಣುಮಕ್ಕಳ ಸಂಗತಿ. 1991ರ ನಮ್ಮ ವಾಟ್ನಿಯಲ್ಲಿ ತಂಗಿಯ ಹೆಸರೇ ಬರಲಿಲ್ಲ, ಆಕೆಗೆ ಸೀರೆ ಕುಪ್ಪಸ ಕೊಟ್ಟೆವು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಬಂದ 1994ರ ರಾಜ್ಯದ ತಿದ್ದುಪಡಿ ಕೂಡುಕುಟುಂಬದ ಆಸ್ತಿಯಲ್ಲಿ ಮದುವೆಯಾಗದ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವಳಿಗೂ ಕೊಟ್ಟಿತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ಅಪ್ಪ 2005ರಲ್ಲಿ ಬದುಕಿರಬೇಕೆಂಬ ಷರತ್ತು ಬೇಕಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ಇಲ್ಲವೆ ಕೋರ್ಟಿನ ಡಿಕ್ರಿಯಿಂದಾದ ವಾಟ್ನಿಗಳಿಗೆ ರಕ್ಷಣೆಯುಂಟು, ನಮ್ಮದು ಎರಡೂ ಅಲ್ಲ. ಹಕ್ಕು ಬಂದ ಮೇಲೆ ನಮ್ಮ ಕಡೆ ಹಕ್ಕು ಬಿಡುಗಡೆ ಪತ್ರಗಳು ಬಹಳವಾದವು. ಹಬ್ಬಕ್ಕೆ ಕರೆಯಲು ಬಸ್ಸಿನ ರೊಕ್ಕ ಕೊಡದ ಅಣ್ಣಂದಿರು ಸಹಿಯ ದಿನ ಮಾತ್ರ ಕಾರು ಕಳಿಸಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಮುಂದೆ ಇಳಿಸಿಕೊಂಡು, ಸಂಜೆ ಅದೇ ಕಾರಿನಲ್ಲಿ ಕಳಿಸಿಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಮ್ಮ ಹೊಲದ ಕಥೆ ಎಲ್ಲಿಗೆ ಬಂತೆಂದು ಸಭೆಯ ಕೊನೆಯಲ್ಲಿ ಒಬ್ಬ ಹುಡುಗ ಕೇಳಿದ. ಅಣ್ಣ ತೀರಿಕೊಂಡ. ಆತನ ಮಗ ಬಾಳೆ, ತರಕಾರಿ ಹಾಕಬೇಕೆಂದು ಹಳ್ಳದ ನೀರಿಗೆ ಪೈಪು ಎಳೆಯಲು ಹೊರಟ. ಹಳ್ಳ ಇರುವುದು ತಮ್ಮನ ಹೊಲದ ಆಚೆ. ಬಂಡಿಗೆ ದಾರಿ ಕೊಡು, ಪೈಪಿಗೆ ದಾರಿ ಕೊಡುತ್ತೇನೆ ಎಂದು ಕಾಕಾನೇ, ಎಂದರೆ ನನ್ನ ತಮ್ಮನೇ, ಹೇಳಿದ, ಅಣ್ಣನ ಮಗ ಒಪ್ಪಿದ. ಇಲಾಖೆಗೆ ಜಿಪಿಎಸ್ ಬಂದ ಮೇಲೆ ಮನೆಯ ಅಟ್ಟಕ್ಕೆ ಹಾಕಿದ್ದ ನನ್ನ ಹಳೆಯ ಸರಪಳಿಯನ್ನು ಇಳಿಸಿ ನಾನೇ ಅಳೆದುಕೊಟ್ಟೆ, ಹನ್ನೊಂದು ಅಡಿ, ಎರಡೂ ಬದಿಗೆ ಕಲ್ಲು. ಈ ಸಲವಾದರೂ ನೋಂದಣಿ ಮಾಡಿಸೋಣವೆಂದು ವಕೀಲರ ಬಳಿ ಹೋದರೆ, ಮೂಲ ವಾಟ್ನಿಗೇ ತಂಗಿಯ ಸಹಿ ಇಲ್ಲ, ಮೊದಲು ಅವರನ್ನು ಕರೆತನ್ನಿ ಎಂದರು. ತಂಗಿಯನ್ನು ಕೊಟ್ಟದ್ದು ಸುರಪುರದ ಕಡೆ. ಫೋನು ಮಾಡಿ, ಸೋಮವಾರ ಕಾರು ಕಳಿಸುತ್ತೇನೆ ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಕಾರ ಬ್ಯಾಡ ಅಣ್ಣಾ. ಈಗ ಬಸ್ಸಿನಾಗ ನಾವು ಹೆಣ್ಮಕ್ಕಳು ರೊಕ್ಕಾ ಕೊಡಂಗಿಲ್ಲ, ಶಹಾಪುರ ಮ್ಯಾಲಿಂದ ಬರ್ತೀನಿ. ಕಾಗದ ಏನ್ ಬರ್ದೀರಿ ಅಂತ ಓದಿ ನೋಡ್ತೀನಿ, ಆಮ್ಯಾಲ ಸಹಿದ ಮಾತ” ಎಂದಳು.